ಮಾ ಹುವಾಂಗ್ ಎಂಬ ಚೀನಾ ಮೂಲಿಕೆಯ ಕಡತ

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಮನೆಗೆ ಪರಿಚಿತರೊಬ್ಬರು ಬಂದರು. ಒಳ್ಳೆಯ ಮನಸ್ಸಿನವರು, ಸಂಘದ ಕಾರ್ಯಕ್ರಮವೆಂದರೆ ಕುರ್ಚಿ ಹಾಕುವುದರಿಂದ ಹಿಡಿದು ಊಟ ಬಡಿಸುವವರೆಗೆ ಮುಂದೆ ನಿಲ್ಲುವವರು. ನಮ್ಮ ತಾಯಿಯವರಿಗೆ ಉಬ್ಬಸ ಹೆಚ್ಚಿದೆಯೆಂದು ಕೇಳಿ ಒಂದು ಪುಡಿಯ ಪೊಟ್ಟಣ ತಂದಿದ್ದರು. ಅದರ ಮೇಲೆ ಅಚ್ಚಾಗಿದ್ದ ಮಾತುಗಳ ಸಾರ ಇಷ್ಟು: ಇದು ಸೋಮಲತೆ, ಚೀನೀಯರು ಮಾ ಹುವಾಂಗ್ ಎಂದು ಕರೆಯುವುದು ಇದನ್ನೇ; ಐದು ಸಾವಿರ ವರ್ಷಗಳಿಂದ ಬಳಕೆಯಲ್ಲಿದೆ; ಉಬ್ಬಸ ಹೋಗುತ್ತದೆ, ಬೊಜ್ಜು ಕರಗುತ್ತದೆ, ಉತ್ಸಾಹ ಬರುತ್ತದೆ; ಗಿಡಮೂಲಿಕೆಯಾದ್ದರಿಂದ ಅಡ್ಡಪರಿಣಾಮ ಯಾವುದೂ ಇಲ್ಲ. "ಆ ಪಂಪು ಬಿಡಿಸಿಬಿಡಿ, ಅಮ್ಮನಿಗೆ ಅದೇ ಅಭ್ಯಾಸವಾಗಿಬಿಡುತ್ತದೆ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ಸಾಕು. ನಾನೇ ಎರಡು ತಿಂಗಳಿಂದ ಹೊಟ್ಟೆ ಕರಗಲೆಂದು ತೆಗೆದುಕೊಳ್ಳುತ್ತಿದ್ದೇನೆ" ಎಂದರು.

ತಾಯಿಯವರಿಗೆ ಎಪ್ಪತ್ತು ದಾಟಿದೆ. ರಕ್ತದೊತ್ತಡಕ್ಕೆಂದು ದಿನಕ್ಕೊಂದು ಮಾತ್ರೆಯೂ ನಡೆದಿದೆ. ಪೊಟ್ಟಣವನ್ನು ಕಪಾಟಿನಲ್ಲಿಟ್ಟೆವು, ಆದರೆ ಅದರ ಮೇಲಿನ ಹೆಸರು ನಮ್ಮನ್ನು ಬಿಡಲಿಲ್ಲ. ಏಕೆಂದರೆ ಆ ಹೆಸರಿಗೂ ನಮ್ಮ ಮನೆಗೂ ಹಳೆಯ ಸಂಬಂಧವೊಂದಿತ್ತು.

ನಮ್ಮ ಬಾಲ್ಯ ಕಳೆದದ್ದು ಸಾಗರದ ಕಡೆಯ ಮಳೆಯಲ್ಲಿ. ಆಷಾಢ ಬಂತೆಂದರೆ ತಾಯಿಯವರು ರಾತ್ರಿ ಮಲಗುವಂತಿರಲಿಲ್ಲ. ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುತ್ತಿದ್ದರು. 1980ರ ದಶಕದ ಕೊನೆಯ ಆ ದಿನಗಳಲ್ಲಿ ಪೇಟೆಯ ಡಾಕ್ಟರು ಕಾಗದದಲ್ಲಿ ಕಟ್ಟಿಕೊಡುತ್ತಿದ್ದ ಒಂದು ಬಿಳಿ ಗುಳಿಗೆಯೇ ಅವರಿಗೆ ಆಸರೆ. ನುಂಗಿದ ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಗುತ್ತಿತ್ತು. ಆದರೆ ಎದೆ ಡವಗುಟ್ಟುತ್ತಿತ್ತು, ಕೈ ನಡುಗುತ್ತಿತ್ತು, ಬೆಳಗಿನವರೆಗೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಉಸಿರು ಕೊಟ್ಟು ನಿದ್ದೆ ಕಿತ್ತುಕೊಳ್ಳುವ ಗುಳಿಗೆ ಎಂದು ಅವರು ಅದಕ್ಕೆ ಹೆಸರಿಟ್ಟಿದ್ದರು. ಅದರ ನಿಜನಾಮ ಎಫೆಡ್ರಿನ್ ಎಂದು ನಮಗೆ ತಿಳಿದದ್ದು ಬಿ.ಎಸ್ಸಿ. ಓದುವಾಗ. ಅದರ ಮೂಲ ಈ ಮಾ ಹುವಾಂಗ್ ಗಿಡವೇ ಎಂದು ತಿಳಿದದ್ದೂ ಆಗಲೇ.

ಕಚೇರಿಯ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಅರ್ಜಿಯಲ್ಲಿ ಬರೆದದ್ದನ್ನೆಲ್ಲ ನಿಜವೆಂದು ಹಿಡಿಯುವುದಿಲ್ಲ, ಸುಳ್ಳೆಂದು ತಳ್ಳುವುದೂ ಇಲ್ಲ. ಲಗತ್ತಿಸಿದ ದಾಖಲೆ ಯಾವುದು, ಅದು ಇದೇ ಕೋರಿಕೆಗೆ ಸಂಬಂಧಿಸಿದ್ದೇ ಎಂದು ಮೊದಲು ನೋಡುತ್ತೇವೆ. ಮನೆ ಬಾಡಿಗೆಯ ರಸೀತಿ ಲಗತ್ತಿಸಿ ಪ್ರಯಾಣಭತ್ಯೆ ಕೇಳಿದರೆ, ರಸೀತಿ ಅಸಲಿಯೇ ಆಗಿದ್ದರೂ ಹಣ ಮಂಜೂರಾಗುವುದಿಲ್ಲ. ಈ ಮೂಲಿಕೆಯ ಚರಿತ್ರೆಯನ್ನೂ ಹಾಗೆಯೇ ಪುಟ ತಿರುವಿ ನೋಡಿದೆವು. ಕಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮಾ ಹುವಾಂಗ್ ಉತ್ತರ ಚೀನಾ ಮತ್ತು ಮಂಗೋಲಿಯಾದ ಒಣನೆಲದಲ್ಲಿ ಬೆಳೆಯುವ ಕುರುಚಲು ಗಿಡ. ನೋಡಿದರೆ ಎಲೆಯೇ ಇಲ್ಲವೆನಿಸುತ್ತದೆ. ಗಿಣ್ಣುಗಿಣ್ಣಾದ ಹಸಿರು ಕಡ್ಡಿಗಳ ಒಂದು ಪೊದೆ, ಅಷ್ಟೆ. ಸಸ್ಯಶಾಸ್ತ್ರದಲ್ಲಿ ಅದು ಎಫೆಡ್ರಾ ಎಂಬ ಕುಲಕ್ಕೆ ಸೇರಿದ್ದು. ಚೀನೀಯರು ಔಷಧಿಗೆ ಮುಖ್ಯವಾಗಿ ಬಳಸುವುದು ಆ ಕಡ್ಡಿಗಳನ್ನು. ಬೇರನ್ನೂ ಬಳಸುತ್ತಾರೆ, ಆದರೆ ತದ್ವಿರುದ್ಧ ಕೆಲಸಕ್ಕೆ: ಕಡ್ಡಿ ಬೆವರು ಬರಿಸಲು, ಬೇರು ಬೆವರು ನಿಲ್ಲಿಸಲು. ಒಂದೇ ಗಿಡದ ಎರಡು ಭಾಗಗಳಿಗೆ ಎರಡು ಕೆಲಸ ಎಂಬುದನ್ನು ಆ ಹಳಬರು ಗುರುತಿಸಿದ್ದರು.

ಐದು ಸಾವಿರ ವರ್ಷವೆಂಬ ಲೆಕ್ಕ ಬಂದದ್ದು ಶೆನ್ ನೋಂಗ್ ಎಂಬ ಪುರಾಣಪುರುಷನಿಂದ. ಕೃಷಿಯನ್ನೂ ಔಷಧಿಯನ್ನೂ ಜನರಿಗೆ ಕಲಿಸಿದವನು, ನೂರಾರು ಗಿಡಗಳನ್ನು ತಾನೇ ತಿಂದು ಪರೀಕ್ಷಿಸಿದವನು ಎಂದು ಚೀನೀಯರ ನಂಬಿಕೆ. ಅವನ ಹೆಸರಿನಲ್ಲಿರುವ ಮೂಲಿಕೆಗಳ ಗ್ರಂಥದಲ್ಲಿ ಮಾ ಹುವಾಂಗ್ ಇದೆ, ನಿಜ. ಆದರೆ ಆ ಗ್ರಂಥ ಸಂಕಲನಗೊಂಡದ್ದು ಹಾನ್ ವಂಶದ ಕಾಲಕ್ಕೆ, ಅಂದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ. ಪುರಾಣದ ಮೂರು ಸಾವಿರ ವರ್ಷವನ್ನು ಕಳೆದರೂ ಉಳಿಯುವ ಎರಡು ಸಾವಿರ ವರ್ಷ ಸಣ್ಣದೇನಲ್ಲ.

ಆ ಕಾಲದ ಇನ್ನೊಂದು ದಾಖಲೆ ಇನ್ನೂ ಬೆಲೆಯುಳ್ಳದ್ದು. ಕ್ರಿ.ಶ. 200ರ ಆಸುಪಾಸಿನಲ್ಲಿ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯ, ಚಳಿಯಿಂದ ಬರುವ ಜ್ವರಗಳನ್ನು ಕುರಿತು ಶಾಂಗ್ ಹಾನ್ ಲುನ್ ಎಂಬ ಗ್ರಂಥ ಬರೆದ. ಅದರಲ್ಲಿ ಮಾ ಹುವಾಂಗ್ ಕಷಾಯದ ಕ್ರಮವಿದೆ. ಸಾಮಗ್ರಿ ನಾಲ್ಕೇ: ಮಾ ಹುವಾಂಗ್ ಕಡ್ಡಿ, ದಾಲ್ಚಿನ್ನಿಯ ರೆಂಬೆ, ಜರ್ದಾಲು ಬೀಜದ ತಿರುಳು, ಜೇಷ್ಠಮಧು. ಯಾರಿಗೆ ಕೊಡಬೇಕು? ಚಳಿಜ್ವರವಿದ್ದು, ಮೈಕೈ ನೋವಿದ್ದು, ಬೆವರು ಬಾರದೆ ಉಸಿರು ಕಟ್ಟುತ್ತಿರುವ ರೋಗಿಗೆ. ಎಷ್ಟು ಕೊಡಬೇಕು? ಹೊದಿಕೆ ಹೊದಿಸಿ ಸಣ್ಣಗೆ ಬೆವರು ಬರುವಷ್ಟು; ಗುಣ ಕಂಡರೆ ಮುಂದಿನ ಸರದಿ ಬೇಡ. ಯಾರಿಗೆ ಬೆವರು ಬರಿಸಬಾರದು ಎಂಬುದಕ್ಕೂ ಅಲ್ಲಿ ಪಟ್ಟಿಯಿದೆ: ಗಂಟಲು ಒಣಗಿದವರಿಗೆ, ಮೂಗಿನಿಂದ ರಕ್ತ ಸುರಿಯುವವರಿಗೆ, ರಕ್ತ ಕಳೆದುಕೊಂಡು ಬಳಲಿದವರಿಗೆ ಕೂಡದು.

ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಆ ಪ್ರಾಚೀನ ವೈದ್ಯನ ಮಾತು ಷರತ್ತುಗಳಿಂದ ತುಂಬಿದೆ. ಕಾಯಿಲೆ ಇಂಥದು, ಭಾಗ ಇಂಥದು, ಪ್ರಮಾಣ ಇಷ್ಟು, ದಿನ ಕೆಲವೇ, ಇಂಥವರಿಗೆ ಬೇಡ. ದಿನಾ ಎರಡು ಚಮಚದಂತೆ ತಿಂಗಳುಗಟ್ಟಲೆ ತಿನ್ನಿರೆಂದು ಅವನು ಹೇಳಿಲ್ಲ. ಬೊಜ್ಜು ಕರಗುತ್ತದೆಂದಂತೂ ಹೇಳಿಯೇ ಇಲ್ಲ.

ನಮ್ಮ ದೇಶದ ಸಂಬಂಧವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಎಫೆಡ್ರಾ ಕುಲದ ಇತರ ಜಾತಿಗಳು ಲಾಹೂಲ್, ಕಿನ್ನೌರ್, ಲಡಾಖ್ ಮುಂತಾದ ಹಿಮಾಲಯದ ಒಣ ಕಣಿವೆಗಳಲ್ಲಿ ಬೆಳೆಯುತ್ತವೆ. ಮೂಲಿಕೆ ವ್ಯಾಪಾರದಲ್ಲಿ ಸೋಮಲತೆ ಎಂಬ ಹೆಸರು ಅವುಗಳಿಗಿದೆ. ಮುಂಬಯಿಯ ಪಾರ್ಸಿ ಬಂಧುಗಳ ಪೂಜೆಯಲ್ಲಿ 'ಹೋಮ್' ಎಂದು ಕುಟ್ಟಿ ರಸ ತೆಗೆಯುವುದೂ ಇದೇ ಕುಲದ ಕಡ್ಡಿಗಳನ್ನು. ಇದರ ಆಧಾರದ ಮೇಲೆ ವೇದದ ಸೋಮವೂ ಇದೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಅಲ್ಲ, ಬೇರೆ ಗಿಡವೆಂದು ವಾದಿಸಿದವರೂ ಇದ್ದಾರೆ. ಆ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾದರೂ ಅದರಿಂದ ಉಬ್ಬಸದ ಪ್ರಶ್ನೆ ಬಗೆಹರಿಯುವುದಿಲ್ಲ. ಹೆಸರು ಪವಿತ್ರವಾದ ಮಾತ್ರಕ್ಕೆ ಪುಡಿ ಪಥ್ಯವಾಗದು.

ಹೊಸ ಕಾಲದ ಪುಟ ತೆರೆಯುವುದು ಜಪಾನಿನಲ್ಲಿ. ಬರ್ಲಿನ್‌ನಲ್ಲಿ ರಸಾಯನಶಾಸ್ತ್ರ ಕಲಿತು ಸ್ವದೇಶಕ್ಕೆ ಮರಳಿದ ನಾಗಾಯಿ ನಾಗಾಯೋಶಿ ಎಂಬಾತ 1885ರಲ್ಲಿ ಮಾ ಹುವಾಂಗಿನಿಂದ ಒಂದು ಸಸ್ಯಸಾರವನ್ನು ಬೇರ್ಪಡಿಸಿದ. ಕಾಫಿಯಲ್ಲಿ ಕೆಫೀನ್, ಸಿಂಕೋನಾ ತೊಗಟೆಯಲ್ಲಿ ಕ್ವಿನೈನ್ ಇರುವಂತೆ ಈ ಗಿಡದಲ್ಲಿರುವ ಆಲ್ಕಲಾಯ್ಡ್ ಅದು. ಅದಕ್ಕೆ ಎಫೆಡ್ರಿನ್ ಎಂದು ಹೆಸರಾಯಿತು. ಆದರೆ ಅದು ಏನು ಮಾಡುತ್ತದೆ ಎಂಬುದು ಸರಿಯಾಗಿ ತಿಳಿಯಲಿಲ್ಲ. ಹೆಚ್ಚು ಕೊಟ್ಟರೆ ಪ್ರಾಣಿಗಳು ಸಾಯುತ್ತವೆ, ಕಣ್ಣಿನ ಪಾಪೆ ಹಿಗ್ಗುತ್ತದೆ ಎಂಬಷ್ಟರಲ್ಲಿ ವಿಚಾರ ನಿಂತುಹೋಯಿತು. ಔಷಧಿ ಕೈಯಲ್ಲಿದ್ದರೂ ಕಾಯಿಲೆ ಸಿಗದೆ ಮುಂದಿನ ನಲವತ್ತು ವರ್ಷ ಕಡತ ಕಪಾಟಿನಲ್ಲೇ ಉಳಿಯಿತು.

ಅದನ್ನು ಮತ್ತೆ ತೆರೆದವರು ಕೆ. ಕೆ. ಚೆನ್. 1898ರಲ್ಲಿ ಹುಟ್ಟಿದ ಈ ಚೀನೀಯ ತರುಣ ಅಮೆರಿಕದಲ್ಲಿ ಓದಿ, 1923ರಲ್ಲಿ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ತಮ್ಮ ನಾಡಿನ ಮೂಲಿಕೆಗಳಲ್ಲಿ ಯಾವುದನ್ನು ಮೊದಲು ಪರೀಕ್ಷಿಸಲಿ ಎಂದು ಹಳೆಯ ಪದ್ಧತಿಯ ಔಷಧಿ ಬಲ್ಲ ತಮ್ಮ ಸೋದರಮಾವನನ್ನೇ ಕೇಳಿದರು. ಆ ಹಿರಿಯರು ಸೂಚಿಸಿದ ತೀಕ್ಷ್ಣವಾದ ಮೂಲಿಕೆಗಳಲ್ಲಿ ಮಾ ಹುವಾಂಗ್ ಮೊದಲನೆಯದು. ಚೆನ್ ಮತ್ತು ಅವರ ಸಹೋದ್ಯೋಗಿ, ಅಮೆರಿಕದ ಕಾರ್ಲ್ ಶ್ಮಿಟ್, ಪ್ರಜ್ಞೆ ತಪ್ಪಿಸಿದ್ದ ನಾಯಿಯೊಂದಕ್ಕೆ ಅದರ ಕಷಾಯವನ್ನು ಚುಚ್ಚಿದರು. ರಕ್ತದೊತ್ತಡ ಸರ್ರನೆ ಏರಿತು, ಏರಿದ್ದು ಬಹಳ ಹೊತ್ತು ಇಳಿಯಲಿಲ್ಲ. ಗಿಡದಿಂದ ಸಾರವನ್ನು ಬೇರ್ಪಡಿಸಿ ನೋಡಿದರೆ, ಅದು ನಾಗಾಯಿ ಎಂದೋ ಕಂಡುಹಿಡಿದಿದ್ದ ಎಫೆಡ್ರಿನ್! 1924ರಲ್ಲಿ ಈ ಇಬ್ಬರು ತಮ್ಮ ಫಲಿತಾಂಶವನ್ನು ಪ್ರಕಟಿಸಿದರು.

ಇದಕ್ಕೇಕೆ ಅಷ್ಟು ಮಹತ್ವ? ಉಬ್ಬಸ ಕೆರಳಿದಾಗ ಆಗ ವೈದ್ಯರ ಕೈಯಲ್ಲಿದ್ದ ಸಮರ್ಥ ಮದ್ದು ಅಡ್ರಿನಲಿನ್. ಬಾಯಿಂದ ಕೊಟ್ಟರೆ ಅದು ಕೆಲಸ ಮಾಡದು. ಸೂಜಿಯಲ್ಲೇ ಕೊಡಬೇಕು, ಪರಿಣಾಮವೂ ಸ್ವಲ್ಪ ಹೊತ್ತು. ಎಫೆಡ್ರಿನ್ ಅದೇ ಜಾತಿಯ ಕೆಲಸವನ್ನು ಗುಳಿಗೆಯ ರೂಪದಲ್ಲಿ, ಗಂಟೆಗಟ್ಟಲೆ ಮಾಡಿತು. ಅದು ನರಗಳ ತುದಿಯಲ್ಲಿ ಶೇಖರವಾಗಿರುವ ಅಡ್ರಿನಲಿನ್ ಬಳಗದ ವಸ್ತುವನ್ನು ಹೊರಗೆ ಬಿಡಿಸುತ್ತದೆ. ಶ್ವಾಸನಾಳ ಸಡಿಲವಾಗುತ್ತದೆ, ಜೊತೆಗೆ ಎದೆಬಡಿತ, ರಕ್ತದೊತ್ತಡ, ಎಚ್ಚರ ಎಲ್ಲವೂ ಹೆಚ್ಚುತ್ತವೆ. 1926ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಮಂಡಳಿ ಅದನ್ನು ಒಪ್ಪಿಕೊಂಡಿತು. ಸೂಜಿಗಾಗಿ ಡಾಕ್ಟರರ ದಾರಿ ಕಾಯುತ್ತ ಕೂರಬೇಕಿದ್ದ ರೋಗಿ ಮನೆಯಲ್ಲೇ ಗುಳಿಗೆ ನುಂಗಿ ಉಸಿರಾಡುವಂತಾಯಿತು. ಹಳೆಯ ಚೀನೀ ವೈದ್ಯರು ಉಸಿರು ಕಟ್ಟಿದವರಿಗೆ ಇದನ್ನು ಕೊಡುತ್ತಿದ್ದುದು ಬರಿಯ ಕುರುಡುನಂಬಿಕೆಯಲ್ಲ ಎಂಬುದೂ ಸಿದ್ಧವಾಯಿತು. ಆ ಶ್ರೇಯಸ್ಸನ್ನು ಅವರಿಗೆ ಕೊಡಲೇಬೇಕು.

ಬೇಡಿಕೆ ಬಂದ ಕೂಡಲೇ ನಮ್ಮ ದೇಶವೂ ಎಚ್ಚೆತ್ತಿತು. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ದೇಶೀ ಔಷಧಿಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಚ್ಚುತ್ತಿದ್ದ ರಾಮನಾಥ ಚೋಪ್ರಾ ಅವರು ಹಿಮಾಲಯದ ಎಫೆಡ್ರಾಗಳನ್ನೂ ಕೈಗೆತ್ತಿಕೊಂಡರು. ಗಿಡದಲ್ಲಿರುವ ಸಾರದ ಪ್ರಮಾಣ ಜಾತಿಯಿಂದ ಜಾತಿಗೆ, ಸ್ಥಳದಿಂದ ಸ್ಥಳಕ್ಕೆ, ಋತುವಿನಿಂದ ಋತುವಿಗೆ ಬದಲಾಗುತ್ತದೆಂಬುದು ಅಂಥ ಅಧ್ಯಯನಗಳಿಂದ ತಿಳಿಯಿತು. ಅಮೆರಿಕದ ಮರುಭೂಮಿಯಲ್ಲಿ ಬೆಳೆಯುವ ಎಫೆಡ್ರಾ ಜಾತಿಗಳಲ್ಲಂತೂ ಎಫೆಡ್ರಿನ್ ಇಲ್ಲವೆನ್ನುವಷ್ಟು ಕಡಿಮೆ. ಹೀಗಿರುವಾಗ 'ಒಂದು ಚಮಚ ಪುಡಿ' ಎಂಬ ಅಳತೆಗೆ ಏನರ್ಥ? ಇಂದಿನ ಚಮಚದಲ್ಲಿ ಏನೂ ಇಲ್ಲದಿರಬಹುದು, ಮುಂದಿನ ಪೊಟ್ಟಣದ ಚಮಚದಲ್ಲಿ ವಿಪರೀತ ಇರಬಹುದು. ಗುಳಿಗೆಯಲ್ಲಾದರೆ ಇಷ್ಟೇ ಮಿಲಿಗ್ರಾಂ ಎಂಬ ನಿಶ್ಚಯವಿರುತ್ತದೆ.

ಎಫೆಡ್ರಿನ್‌ನ ಯುಗವೂ ಶಾಶ್ವತವಾಗಲಿಲ್ಲ. ಪದೇ ಪದೇ ಕೊಟ್ಟರೆ ಅದರ ಪರಿಣಾಮ ಕುಗ್ಗುತ್ತದೆ. ಶ್ವಾಸನಾಳದ ಒಳಗೋಡೆಯ ಉರಿಯೂತವನ್ನು ಅದು ಗುಣಪಡಿಸುವುದಿಲ್ಲ. ಎದೆಗೂ ಮಿದುಳಿಗೂ ಅದು ಕೊಡುವ ಉಪದ್ರವ ಬೇರೆ. 1960ರ ದಶಕದ ಕೊನೆಯಲ್ಲಿ ಸಾಲ್ಬುಟಮಾಲ್ ಬಂತು. ಅದು ಎದೆಯನ್ನು ಅಷ್ಟಾಗಿ ಕೆಣಕದೆ ಶ್ವಾಸನಾಳವನ್ನು ತೆರೆಯುತ್ತದೆ. 1970ರ ದಶಕದಲ್ಲಿ ಉಸಿರಿನೊಡನೆ ಎಳೆದುಕೊಳ್ಳುವ ಸ್ಟಿರಾಯ್ಡ್ ಬಂತು. ಅದು ಉರಿಯೂತವನ್ನೇ ತಗ್ಗಿಸುತ್ತದೆ. ಇವು ನಮ್ಮ ಊರುಗಳ ಬಡವರಿಗೆ ದಕ್ಕಲು ಇನ್ನೂ ಬಹಳ ವರ್ಷ ಬೇಕಾಯಿತು. ನಮ್ಮ ತಾಯಿಯವರ ಬಿಳಿ ಗುಳಿಗೆ ಆ ನಡುವಿನ ಕಾಲದ್ದು. ಈಗ ಎಫೆಡ್ರಿನ್‌ನ ಮುಖ್ಯ ಸ್ಥಾನ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ಬೆನ್ನುಹುರಿಗೆ ಅರಿವಳಿಕೆ ಕೊಟ್ಟಾಗ, ವಿಶೇಷವಾಗಿ ಹೆರಿಗೆಯ ಹೊತ್ತಿನಲ್ಲಿ, ರಕ್ತದೊತ್ತಡ ಕುಸಿಯದಂತೆ ಕಾಯಲು ಅದನ್ನು ಚುಚ್ಚುತ್ತಾರೆ. ನಮ್ಮ ತಾಯಿಯವರಿಗೆ ಉಪದ್ರವವಾಗಿದ್ದ ಗುಣವೇ ಅಲ್ಲಿ ಉಪಕಾರ.

ಎಫೆಡ್ರಿನ್‌ಗೆ ಇನ್ನೊಂದು ಮುಖವೂ ಇದೆ. ಅದರಿಂದಲೇ ನಾಗಾಯಿ 1893ರಲ್ಲಿ ಮೆಥಾಂಫೆಟಮಿನ್ ತಯಾರಿಸಿದ್ದ. ಇಂದು ಜಗತ್ತನ್ನು ಕಾಡುವ ಮಾದಕದ್ರವ್ಯಗಳಲ್ಲಿ ಅದೊಂದು. ಆದ್ದರಿಂದಲೇ ಎಫೆಡ್ರಿನ್ ಈಗ ನಮ್ಮ ದೇಶದಲ್ಲೂ ಕಾನೂನಿನ ಕಣ್ಗಾವಲಿನಲ್ಲಿರುವ ವಸ್ತು.

ಇನ್ನು ಬೊಜ್ಜು ಕರಗಿಸುವ ಕತೆ. ಅದು ಚೀನಾದ್ದಲ್ಲ, ಅಮೆರಿಕದ್ದು. 1994ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಗಿಡಮೂಲಿಕೆಗಳನ್ನು ಆಹಾರದ ಪೂರಕವೆಂದು ಮಾರುವವರು ಅವು ಫಲಕಾರಿಯೆಂದೋ ನಿರಪಾಯವೆಂದೋ ಮೊದಲೇ ಸರ್ಕಾರಕ್ಕೆ ರುಜುವಾತುಪಡಿಸಬೇಕಿಲ್ಲ. ಅಪಾಯಕಾರಿಯೆಂದು ತೋರಿಸುವ ಹೊಣೆ ಸರ್ಕಾರದ್ದು. ಅಲ್ಲಿಂದ ಮುಂದೆ ಮಾ ಹುವಾಂಗ್‌ಗೆ ಕೆಫೀನ್ ಬೆರೆಸಿದ ಮಾತ್ರೆಗಳು ಭರದಿಂದ ಮಾರಾಟವಾದವು. ತೂಕ ಇಳಿಸಿ, ಶಕ್ತಿ ಏರಿಸಿ, ಸಾವಿರಾರು ವರ್ಷಗಳ ಪರಂಪರೆ ಎಂಬ ಜಾಹೀರಾತು. ಎದೆಯನ್ನು ಓಡಿಸುವ ಎರಡು ವಸ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದಂತಾಯಿತು. ಅದೇ 1994ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್‌ನಿಂದ ಮರಡೋನಾ ಹೊರಬಿದ್ದದ್ದು ಹಲವರಿಗೆ ನೆನಪಿರಬಹುದು; ಪರೀಕ್ಷೆಯಲ್ಲಿ ಅವರ ಮೂತ್ರದಲ್ಲಿ ಸಿಕ್ಕಿದ್ದು ಎಫೆಡ್ರಿನ್ ಮತ್ತು ಅದರ ಬಳಗವೇ.

ದೂರುಗಳು ಬಂದು ಬೀಳತೊಡಗಿದವು. 2000ದಲ್ಲಿ ಇಬ್ಬರು ವೈದ್ಯಸಂಶೋಧಕರು ಅಂಥ 140 ದೂರುಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಶೇಕಡಾ 31ರಷ್ಟು ಈ ಮಾತ್ರೆಗಳಿಂದಲೇ ಖಚಿತವಾಗಿ ಅಥವಾ ಬಹುಮಟ್ಟಿಗೆ ಆದದ್ದು, ಇನ್ನೂ ಶೇಕಡಾ 31ರಷ್ಟು ಆಗಿರುವ ಸಾಧ್ಯತೆಯುಳ್ಳದ್ದು ಎಂದು ಕಂಡಿತು. ಆ ಎರಡು ಗುಂಪುಗಳಲ್ಲಿ ಸೇರಿ 10 ಸಾವು, 13 ಶಾಶ್ವತ ಅಂಗವೈಕಲ್ಯ. ಅದೇ ವರ್ಷ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 20 ಬಗೆಯ ಮಾತ್ರೆಗಳನ್ನು ತೂಗಿದಾಗ, ಅರ್ಧದಷ್ಟರಲ್ಲಿ ಚೀಟಿಯಲ್ಲಿದ್ದ ಪ್ರಮಾಣಕ್ಕೂ ಒಳಗಿದ್ದ ಪ್ರಮಾಣಕ್ಕೂ ಶೇಕಡಾ 20ಕ್ಕಿಂತ ಹೆಚ್ಚು ವ್ಯತ್ಯಾಸವಿತ್ತು.

ಹಾಗಾದರೆ ತೂಕ ಇಳಿಯುವುದೇ ಇಲ್ಲವೆ? ಇಳಿಯುತ್ತದೆ. 2003ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಹುಸಿಮಾತ್ರೆ ತೆಗೆದುಕೊಂಡವರಿಗಿಂತ ತಿಂಗಳಿಗೆ ಸುಮಾರು 0.9 ಕಿಲೋ ಹೆಚ್ಚು ಇಳಿದದ್ದು ಕಂಡಿತು. ಅದೂ ಕೆಲವೇ ತಿಂಗಳ ಮಟ್ಟಿಗೆ. ಅದಕ್ಕೆ ತೆತ್ತ ಬೆಲೆ? ಎದೆ ಡವಗುಟ್ಟುವಿಕೆ, ಮನಸ್ಸಿನ ಕಳವಳ, ಹೊಟ್ಟೆಯ ತೊಂದರೆ ಇತ್ಯಾದಿಗಳ ಸಂಭವ ಎರಡರಿಂದ ಮೂರು ಪಟ್ಟು. ಇಡೀ ಮೂಲಿಕೆ ಮಾರಾಟದಲ್ಲಿ ಎಫೆಡ್ರಾದ ಪಾಲು ಶೇಕಡಾ ಒಂದಕ್ಕಿಂತ ಕಡಿಮೆಯಿದ್ದರೂ, 2001ರಲ್ಲಿ ಅಲ್ಲಿನ ವಿಷನಿವಾರಣ ಕೇಂದ್ರಗಳಿಗೆ ಬಂದ ಮೂಲಿಕೆ ದೂರುಗಳಲ್ಲಿ ಶೇಕಡಾ 64 ಅದರದ್ದೇ ಆಗಿತ್ತು.

2003ರ ಫೆಬ್ರವರಿಯಲ್ಲಿ ಸ್ಟೀವ್ ಬೆಕ್ಲರ್ ಎಂಬ 23 ವರ್ಷದ ಬೇಸ್‌ಬಾಲ್ ಆಟಗಾರ ಫ್ಲಾರಿಡಾದ ತರಬೇತಿ ಮೈದಾನದಲ್ಲಿ ಬಿಸಿಲಿನ ಹೊಡೆತಕ್ಕೆ ಕುಸಿದು ಮರುದಿನ ತೀರಿಕೊಂಡ. ತೂಕ ಇಳಿಸಲೆಂದು ಎಫೆಡ್ರಾ ಮಾತ್ರೆ ತೆಗೆದುಕೊಂಡಿದ್ದ. ಅದರ ಪಾಲೂ ಆ ಸಾವಿನಲ್ಲಿದೆಯೆಂದು ಶವಪರೀಕ್ಷೆ ನಡೆಸಿದ ಅಧಿಕಾರಿ ಹೇಳಿದರು. 2004ರ ಏಪ್ರಿಲ್‌ನಿಂದ ಅಮೆರಿಕದಲ್ಲಿ ಎಫೆಡ್ರಾ ಪೂರಕಗಳ ಮಾರಾಟ ನಿಷಿದ್ಧವಾಯಿತು. ತಯಾರಕರು ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ಮೇಲ್ಮನವಿಯಲ್ಲೂ ನಿಷೇಧವೇ ಉಳಿಯಿತು. ಚೀನೀ ಪದ್ಧತಿಯ ವೈದ್ಯರು ತಮ್ಮ ರೋಗಿಗಳಿಗೆ ಬರೆದುಕೊಡುವ ಮಾ ಹುವಾಂಗ್‌ಗೆ ಮಾತ್ರ ಆ ನಿಯಮ ಅನ್ವಯಿಸಲಿಲ್ಲ. ನಿಷಿದ್ಧವಾದದ್ದು ಗಿಡವಲ್ಲ, ಷರತ್ತುಗಳನ್ನು ಕಿತ್ತೊಗೆದ ಅದರ ಮಾರಾಟ.

ಈಗ ತಕ್ಕಡಿ ಹಿಡಿಯೋಣ. ಉಬ್ಬಸಕ್ಕೆ ಮಾ ಹುವಾಂಗಿನಿಂದ ಗುಣವುಂಟು ಎಂಬ ಕೋರಿಕೆಗೆ ದಾಖಲೆಯಿದೆ. ಆದರೆ ಅದಕ್ಕಿಂತ ನಿರಪಾಯವಾದ, ಅದಕ್ಕಿಂತ ಸಮರ್ಥವಾದ ಔಷಧಿಗಳು ಬಂದು ದಶಕಗಳಾದವು. ಬೊಜ್ಜು ಕರಗುತ್ತದೆಂಬ ಕೋರಿಕೆಗೆ ಅಲ್ಪಸ್ವಲ್ಪ ದಾಖಲೆಯಿದೆ. ಬೆಲೆ ಮಾತ್ರ ಪ್ರಾಣದ ಲೆಕ್ಕದಲ್ಲಿದೆ. ಅಡ್ಡಪರಿಣಾಮವಿಲ್ಲವೆಂಬುದು ಶುದ್ಧ ಸುಳ್ಳು. ಪರಿಣಾಮವಿರುವ ವಸ್ತುವಿಗೆ ಅಡ್ಡಪರಿಣಾಮವೂ ಇದ್ದೀತು. ಎರಡೂ ಹೊರಡುವುದು ಒಂದೇ ಬೇರಿನಿಂದ. ಇನ್ನು ಪ್ರಾಚೀನತೆ. ಎರಡು ಸಾವಿರ ವರ್ಷಗಳ ಸಾಕ್ಷ್ಯ ನಿಜವಾದದ್ದೇ. ಆದರೆ ಅದು ಚಳಿಜ್ವರದಲ್ಲಿ ಉಸಿರು ಕಟ್ಟಿದವನಿಗೆ ಒಂದೆರಡು ಸರದಿ ಕೊಟ್ಟ ಕಷಾಯಕ್ಕೆ ಸಂಬಂಧಿಸಿದ ಸಾಕ್ಷ್ಯ. ಅದನ್ನು ತಂದು ದಿನಾ ತಿನ್ನುವ ಬೊಜ್ಜಿನ ಪುಡಿಗೆ ಲಗತ್ತಿಸುವುದು ಬಾಡಿಗೆಯ ರಸೀತಿಯಿಂದ ಪ್ರಯಾಣಭತ್ಯೆ ಕೇಳಿದಂತೆ. ಹಳಬರ ಹೆಸರನ್ನು ಇಟ್ಟುಕೊಂಡು ಹಳಬರ ಎಚ್ಚರವನ್ನು ಬಿಟ್ಟರೆ ಅದು ಪರಂಪರೆಗೆ ತೋರಿದ ಗೌರವವಲ್ಲ.

ಹೀಗೆ ಬರೆದುದರಿಂದ ನಾವು ಗಿಡಮೂಲಿಕೆಯ ವೈರಿಗಳೆಂದು ಯಾರೂ ಭಾವಿಸಬಾರದು. ಮಲೆನಾಡಿನ ಹಿತ್ತಿಲಲ್ಲಿ ಆಡುಸೋಗೆಯ ಕಷಾಯ ಕುಡಿದು ಬೆಳೆದವರು ನಾವು. ಆ ಆಡುಸೋಗೆಯ ಸಾರದ ಜಾಡು ಹಿಡಿದು ಹೋದವರೇ ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಔಷಧಿಯನ್ನು ರೂಪಿಸಿದರು. ಪರೀಕ್ಷೆಗೆ ಒಡ್ಡುವುದು ಮೂಲಿಕೆಗೆ ಅವಮಾನವಲ್ಲ; ಚೆನ್ ಅವರು ಮಾ ಹುವಾಂಗ್‌ಗೆ ಮಾಡಿದಷ್ಟು ಉಪಕಾರವನ್ನು ಯಾವ ಜಾಹೀರಾತೂ ಮಾಡಲಿಲ್ಲ.

ಮರುವಾರ ತಾಯಿಯವರನ್ನು ದವಾಖಾನೆಗೆ ಕರೆದೊಯ್ದಾಗ ಪೊಟ್ಟಣವನ್ನೂ ಜೊತೆಗೆ ಒಯ್ದೆವು. ಡಾಕ್ಟರು ಚೀಟಿ ಓದಿ, ರಕ್ತದೊತ್ತಡವಿರುವವರು ಇದರ ಹತ್ತಿರವೂ ಸುಳಿಯಬಾರದೆಂದರು. ದಿನಾ ಎಳೆದುಕೊಳ್ಳುವ ಪಂಪು ಬೇರೆ, ಉಸಿರು ಕಟ್ಟಿದಾಗಿನ ಪಂಪು ಬೇರೆ, ಮೊದಲನೆಯದನ್ನು ತಾವಾಗಿ ಬಿಡಬಾರದೆಂದು ತಾಯಿಯವರಿಗೆ ಇನ್ನೊಮ್ಮೆ ಬಿಡಿಸಿ ಹೇಳಿದರು. ಸಂಜೆ ಪರಿಚಿತರಿಗೆ ಫೋನು ಮಾಡಿ ಈ ಕತೆಯನ್ನೆಲ್ಲ ತಿಳಿಸಿದೆವು. ಬೇಸರಪಟ್ಟುಕೊಳ್ಳಬಹುದೆಂಬ ಅಳುಕಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಾ? ನನಗೂ ಈಚೆಗೆ ರಾತ್ರಿ ನಿದ್ದೆಯೇ ಬರುತ್ತಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದೆ" ಎಂದರು. ಮಾರನೆಯ ದಿನವೇ ರಕ್ತದೊತ್ತಡ ನೋಡಿಸಿಕೊಳ್ಳುವಂತೆ ಒತ್ತಾಯಿಸಿ ಫೋನು ಇಟ್ಟೆವು.

ಎಲ್ಲವನ್ನೂ ಕೇಳುತ್ತ ಕುಳಿತಿದ್ದ ತಾಯಿಯವರು ಪೊಟ್ಟಣವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಅಂದರೆ ಇದು ನನ್ನ ಆ ಬಿಳಿ ಗುಳಿಗೆಯ ತವರುಮನೆ ಅನ್ನು" ಎಂದರು. ಆಮೇಲೆ ಎದ್ದು ಅದನ್ನು ಕಸದ ಡಬ್ಬಿಗೆ ಹಾಕಿ, ರಾತ್ರಿಯ ಪಂಪನ್ನು ಎಳೆದುಕೊಂಡು, ಬಾಯಿ ಮುಕ್ಕಳಿಸಿ ಮಲಗಲು ಹೋದರು.